ರೈಲು ಬಾರದ ಊರು: ಕಾನ್ಸಾಸ್ ಬಯಲಿನ ನಿಕೋಡೆಮಸ್

ಅಮೆರಿಕದ ಕಾನ್ಸಾಸ್ ರಾಜ್ಯದ ವಾಯವ್ಯ ಭಾಗದಲ್ಲಿ ನಿಕೋಡೆಮಸ್ ಎಂಬ ಊರಿದೆ. ಇವತ್ತು ಅಲ್ಲಿ ಬೆರಳೆಣಿಕೆಯಷ್ಟು ಮನೆಗಳಿವೆ, ಅಷ್ಟೇ. ಆದರೂ 1996ರಲ್ಲಿ ಇದನ್ನು ರಾಷ್ಟ್ರೀಯ ಐತಿಹಾಸಿಕ ತಾಣ ಎಂದು ಘೋಷಿಸಿದರು. ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನ ಆ ಹುಲ್ಲುಗಾವಲಿನಲ್ಲಿ ಕಟ್ಟಿಕೊಂಡು, ಇಂದಿಗೂ ಉಳಿಸಿಕೊಂಡಿರುವ ಊರು ಇದು. ಇದು ಬೆಳೆದದ್ದು ಹೇಗೆ, ಕುಗ್ಗಿದ್ದು ಯಾಕೆ?

1877ಕ್ಕೆ ಗುಲಾಮಗಿರಿ ಮುಗಿದು ಹನ್ನೆರಡು ವರ್ಷವಾಗಿತ್ತು. ಆದರೆ ದಕ್ಷಿಣದಲ್ಲಿ ಕಪ್ಪು ಜನರ ಕೈಗೆ ಜಮೀನು ಬಂದಿರಲಿಲ್ಲ. ಬೇರೆಯವರ ಹೊಲದಲ್ಲೇ ದುಡಿಮೆ, ಮೇಲೆ ಬಿಳಿಯರ ದೌರ್ಜನ್ಯ. ಪಶ್ಚಿಮದಲ್ಲಿ ಮಾತ್ರ 1862ರ ಕಾಯ್ದೆಯಂತೆ ಸರ್ಕಾರ 160 ಎಕರೆ ಕೊಡುತ್ತಿತ್ತು. ಅಲ್ಲೇ ವಾಸವಿದ್ದು ಐದು ವರ್ಷ ಉತ್ತರೆ ಅದು ಅವರದ್ದೇ. ಡಬ್ಲ್ಯು. ಆರ್. ಹಿಲ್ ಎಂಬ ಬಿಳಿಯ ಮತ್ತು ಡಬ್ಲ್ಯು. ಎಚ್. ಸ್ಮಿತ್ ಎಂಬ ಕಪ್ಪು ಪಾದ್ರಿ ಸೇರಿ ಊರು ಕಟ್ಟುವ ಕಂಪನಿ ಮಾಡಿದರು. ಕರಪತ್ರ ಹಂಚಿ ಜನರನ್ನು ಕರೆದರು.

1877ರ ಸೆಪ್ಟೆಂಬರಿನಲ್ಲಿ ದಕ್ಷಿಣದ ಕೆಂಟಕಿ ರಾಜ್ಯದಿಂದ ಸುಮಾರು 300 ಜನ ಬಂದರು. ಎಲಿಸ್ ಎಂಬ ನಿಲ್ದಾಣದಲ್ಲಿ ರೈಲಿಳಿದು ಐವತ್ತಕ್ಕೂ ಹೆಚ್ಚು ಕಿಲೋಮೀಟರ್ ನಡೆದರು. ಕರಪತ್ರದಲ್ಲಿ ಓದಿದ ಊರು ಅಲ್ಲಿರಲಿಲ್ಲ. ಮರವೇ ಅಪರೂಪವಾದ ನೆಲದಲ್ಲಿ ಮನೆಗೆ ಮರದ ಹಲಗೆ ಎಲ್ಲಿಂದ ಬರಬೇಕು? ಮಣ್ಣನ್ನೇ ಅಗೆದು, ಗುಂಡಿಯ ಮೇಲೆ ಸೂರು ಹಾಕಿ ಬದುಕುತ್ತಿದ್ದರು. 1878ರಲ್ಲಿ ಬಂದ ವಿಲಿಯಾನಾ ಹಿಕ್‌ಮನ್ ಊರೆಲ್ಲಿ ಎಂದು ಕೇಳಿದಾಗ ಗಂಡ ನೆಲದಿಂದೇಳುವ ಹೊಗೆ ತೋರಿಸಿದ. ಆಕೆ ಅತ್ತುಬಿಟ್ಟಳು. ಎಷ್ಟೋ ಸಂಸಾರಗಳು ಬಂದ ದಾರಿಯಲ್ಲೇ ಮರಳಿದವು.

ಉಳಿದವರ ಬಳಿ ಎತ್ತು, ಕುದುರೆ ಇಲ್ಲವೆನ್ನುವಷ್ಟು ಕಡಿಮೆ. ಬೇರು ಹೆಣೆದುಕೊಂಡ ಹುಲ್ಲುನೆಲವನ್ನು ಸನಿಕೆ, ಗುದ್ದಲಿ ಹಿಡಿದು ತಿರುವಿ ಹಾಕಿದರು. ಮೊದಲ ಚಳಿಗಾಲದಲ್ಲಿ ಬೇಟೆ ಮುಗಿಸಿ ಮರಳುತ್ತಿದ್ದ ಓಸೇಜ್ ಬುಡಕಟ್ಟಿನವರು ಮಾಂಸ ಕೊಟ್ಟು ಜೀವ ಉಳಿಸಿದರು ಎಂದು ಊರಿನವರು ಇಂದಿಗೂ ನೆನೆಯುತ್ತಾರೆ. ಅಮೆರಿಕದಲ್ಲಿ ತೇವದ ಪೂರ್ವ ಮುಗಿದು ಒಣ ಪಶ್ಚಿಮ ಶುರುವಾಗುವುದು ನೂರನೇ ರೇಖಾಂಶದ ಆಸುಪಾಸಿನಲ್ಲಿ. ನಿಕೋಡೆಮಸ್ ಹೆಚ್ಚುಕಡಿಮೆ ಆ ಗಡಿಯ ಮೇಲೇ ಇದೆ. ಮಳೆ ಕೈಕೊಟ್ಟರೆ ಗೋಧಿ ಹೋಯಿತು.

ಹಾಗಿದ್ದೂ ಹತ್ತೇ ವರ್ಷದಲ್ಲಿ ಅಲ್ಲಿ ಶಾಲೆ, ಚರ್ಚುಗಳು, ಅಂಗಡಿಗಳು, ಹೋಟೆಲು, ಎರಡು ಪತ್ರಿಕೆಗಳು ಬಂದವು. ಊರಿನ ಎಡ್ವರ್ಡ್ ಮೆಕೇಬ್ 1882ರಲ್ಲಿ ರಾಜ್ಯದ ಲೆಕ್ಕಪರಿಶೋಧಕರಾಗಿ ಚುನಾವಣೆಯಲ್ಲಿ ಗೆದ್ದರು. ಗುಂಡಿಮನೆಯಲ್ಲಿ ಶುರುವಾದ ಊರಿಗೆ ಇದು ಸಣ್ಣ ಮಾತಲ್ಲ.

ಊರಿಗೆ ಪೆಟ್ಟು ಬಿದ್ದದ್ದು ರೈಲಿನಿಂದ. ಹತ್ತಿರ ರೈಲಿಲ್ಲದಿದ್ದರೆ ಆ ಬಯಲಿನಲ್ಲಿ ಬೆಳೆ ಮಾರುವುದೂ ಕಷ್ಟ, ಸರಕು ತರುವುದೂ ಕಷ್ಟ. 1887ರಲ್ಲಿ ಊರಿನವರು ಮತ ಹಾಕಿ, ತಮ್ಮೂರಿಗೆ ಹಳಿ ಹಾಕಲೆಂದು ಮಿಸೌರಿ ಪೆಸಿಫಿಕ್ ರೈಲು ಕಂಪನಿಗೆ 16,000 ಡಾಲರಿನ ಬಾಂಡ್ (ಸಾಲಪತ್ರ) ಕೊಡಲು ಒಪ್ಪಿದರು. ಮಾತುಕತೆ ಮುರಿದುಬಿತ್ತು. ಮರುವರ್ಷ ಯೂನಿಯನ್ ಪೆಸಿಫಿಕ್ ಕಂಪನಿ ಸಾಲೊಮನ್ ನದಿಯ ಆಚೆ ದಡದಲ್ಲಿ ಹಳಿ ಹಾಕಿತು. ನಿಲ್ದಾಣದ ಪಕ್ಕ ಬೋಗ್ ಎಂಬ ಊರೆದ್ದಿತು. ನಿಕೋಡೆಮಸ್‌ನ ವ್ಯಾಪಾರಿಗಳು ಒಬ್ಬೊಬ್ಬರಾಗಿ ಅಲ್ಲಿಗೆ ಹೊರಟರು.

ಇದನ್ನು ಸೋತ ಊರು ಅನ್ನುವುದು ನನಗೆ ಸರಿ ಕಾಣುವುದಿಲ್ಲ. ರೈಲು ತಪ್ಪಿದ್ದಕ್ಕೆ ಹೇಳಹೆಸರಿಲ್ಲದೆ ಹೋದ ಬಿಳಿಯರ ಊರುಗಳೂ ಆ ಬಯಲಿನಲ್ಲಿ ಬೇಕಾದಷ್ಟಿವೆ. ಇಲ್ಲಿ ಅಂಗಡಿ ಹೋದರೂ ರೈತರು ಹೋಗಲಿಲ್ಲ, ಜಮೀನು ಹಿಡಿದು ನಿಂತರು. ಅವರಲ್ಲಿ ಜಾಸ್ತಿ ಜನರನ್ನು ಊರು ಬಿಡಿಸಿದ್ದು 1930ರ ದಶಕದ ಬರ, ಧೂಳಿನ ಬಿರುಗಾಳಿ ಮತ್ತು ಆರ್ಥಿಕ ಕುಸಿತ. 1953ರಲ್ಲಿ ಅಂಚೆ ಕಚೇರಿಯೂ ಮುಚ್ಚಿತು.

ಈಗ ಎರಡು ಹಳೆಯ ಚರ್ಚು, ಶಾಲೆ, ಹೋಟೆಲು ಮತ್ತು 1939ರಲ್ಲಿ ಸುಣ್ಣದಕಲ್ಲಿನಿಂದ ಕಟ್ಟಿದ ಊರ ಸಭಾಭವನ ಉಳಿದಿವೆ. ಪ್ರತಿ ವರ್ಷ ಜುಲೈ ಕೊನೆಯಲ್ಲಿ ವಂಶಸ್ಥರು ದೂರದೂರದಿಂದ ಬಂದು ಬಿಡುಗಡೆಯ ಹಬ್ಬ ಮಾಡುತ್ತಾರೆ.