ಕಿಡ್ನಿ ಊತ: ಹೆಂಗಸರಲ್ಲಿ ಗರ್ಭಕೋಶದ ಕಥೆಯನ್ನೂ ಕೇಳಿ

ಪುಣೆಯಲ್ಲಿ ನನ್ನ ಜೊತೆ ನರ್ಸಿಂಗ್ ಓದುತ್ತಿರುವ ಕನ್ನಡದವರಿಗಾಗಿ ಈ ಟಿಪ್ಪಣಿ. ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ‘ಹೈಡ್ರೋನೆಫ್ರೋಸಿಸ್’ ಅಂತ ಇದ್ದರೆ, ಮೂತ್ರ ನಿಂತು ಕಿಡ್ನಿಯ ಒಳಭಾಗ ಹಿಗ್ಗಿದೆ ಎಂದರ್ಥ. ಸಾಮಾನ್ಯವಾಗಿ ಎಲ್ಲೋ ದಾರಿ ಕಟ್ಟಿರುತ್ತದೆ. ಎಲ್ಲಿ ಅನ್ನೋದೇ ಪ್ರಶ್ನೆ.

ಕಿಡ್ನಿಯಿಂದ ಮೂತ್ರಕೋಶಕ್ಕೆ ಮೂತ್ರ ಒಯ್ಯುವ ಮೂತ್ರನಾಳ (ಯುರೇಟರ್) ಸುಮಾರು 25 ಸೆಂ.ಮೀ. ಉದ್ದ. ಕಿಡ್ನಿಯಿಂದ ಹೊರಡುವಲ್ಲಿ, ಸೊಂಟದ ದೊಡ್ಡ ರಕ್ತನಾಳ ದಾಟುವಲ್ಲಿ, ಮೂತ್ರಕೋಶ ಸೇರುವಲ್ಲಿ ಅದು ಮೊದಲೇ ಇಕ್ಕಟ್ಟು. ಕಲ್ಲು ಸಿಕ್ಕಿಕೊಳ್ಳುವುದು ಜಾಸ್ತಿ ಇಲ್ಲೇ. ಕಲ್ಲಿನ ವಿಷಯ ಎಲ್ಲರಿಗೂ ಗೊತ್ತು, ಬಿಡಿ.

ನಾವು ಮರೆಯುವುದು ಗರ್ಭಕೋಶವನ್ನು. ಮೂತ್ರನಾಳ ಗರ್ಭಕೋಶದ ಕೊರಳಿನ ಪಕ್ಕದಲ್ಲೇ, ಎರಡು ಸೆಂ.ಮೀ. ಆಸುಪಾಸಿನಲ್ಲಿ ಹಾದುಹೋಗುತ್ತದೆ. ಕೊರಳಿನ ಕ್ಯಾನ್ಸರ್ ಪಕ್ಕಕ್ಕೆ ಹರಡಿದರೆ ನಾಳ ಅಮುಕಿಹೋಗಬಹುದು. ಅದರಿಂದ ಕಿಡ್ನಿ ಊದಿದ್ದರೆ ಕ್ಯಾನ್ಸರನ್ನು ಕನಿಷ್ಠ 3ಬಿ, ಅಂದರೆ ಮುಂದುವರಿದ ಹಂತ ಎಂದೇ ಲೆಕ್ಕ. ಹಾಗಾಗಿ ಮುಟ್ಟು ನಿಂತ ಮೇಲೆ ರಕ್ತ ಹೋಗಿತ್ತಾ ಅಂತ ಕೇಳಲೇಬೇಕು. ದೊಡ್ಡ ಫೈಬ್ರಾಯ್ಡ್ (ಗರ್ಭಕೋಶದ ಕ್ಯಾನ್ಸರಲ್ಲದ ಗಡ್ಡೆ), ಅಂಡಾಶಯದ ಗಡ್ಡೆ ಕೂಡ ನಾಳವನ್ನು ಒತ್ತಬಹುದು. ಗರ್ಭಕೋಶ ತೆಗೆಯುವಾಗ ನಾಳಕ್ಕೆ ಹೊಲಿಗೆ ಬಿದ್ದರೆ, ನೋವಿಲ್ಲದೆ ಎಷ್ಟೋ ಕಾಲದ ನಂತರ ಗೊತ್ತಾಗುವುದೂ ಉಂಟು. ರೇಡಿಯೇಷನ್ ಆಗಿ ವರ್ಷಗಳ ಮೇಲೆ ನಾಳ ಕಿರಿದಾಗಬಹುದು.

ಇನ್ನು ಗರ್ಭಕೋಶ ಜಾರುವುದು. ಇಲ್ಲಿನ ಮರಾಠಿ ಆಜಿಯರು ‘ಅಂಗ್ ಬಾಹೇರ್ ಯೇತಂ’ (ಅಂಗ ಹೊರಗೆ ಬರುತ್ತದೆ) ಅಂತಾರೆ. ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಅಕ್ಕ ‘ಗರ್ಭಚೀಲ ಇಳದದ್ರಿ’ ಅಂದಾರು. ನಾಚಿಕೆಗೆ ಎಷ್ಟೋ ಜನ ಬಾಯೇ ಬಿಡುವುದಿಲ್ಲ. ಗಂಡನನ್ನೋ ಮಗನನ್ನೋ ಆಚೆ ಕಳಿಸಿ ಮೆಲ್ಲಗೆ ಕೇಳಿ. ಗರ್ಭಕೋಶ ಪೂರ್ತಿ ಇಳಿದಾಗ ಮೂತ್ರಕೋಶದ ತಳವನ್ನೂ ನಾಳಗಳನ್ನೂ ಜಗ್ಗುತ್ತದೆ. ಮಡಚಿದ ಪೈಪಿನಲ್ಲಿ ನೀರು ನಿಂತಂತೆ ಎರಡೂ ಕಿಡ್ನಿ ಊದಬಹುದು. ಹೆಚ್ಚು ಹೆರಿಗೆ, ಭಾರ ಹೊರುವ ಕೆಲಸ, ಬಿಡದ ಕೆಮ್ಮು, ಮಲಬದ್ಧತೆ, ವಯಸ್ಸು: ಇವು ಜಾರುವುದಕ್ಕೆ ಕಾರಣಗಳು. ಸಮಾಧಾನದ ಮಾತೆಂದರೆ, ಯೋನಿಯೊಳಗೆ ರಿಂಗ್ (ಪೆಸರಿ) ಹಾಕಿ ಅಥವಾ ಆಪರೇಷನ್ ಮಾಡಿ ಮೇಲಕ್ಕೆ ಕೂರಿಸಿದರೆ ಬಹಳ ಜನರಲ್ಲಿ ಊತ ಇಳಿಯುತ್ತದೆ.

ಗರ್ಭಕೋಶ ಬಿಟ್ಟು ಇನ್ನೊಂದು ಕಾರಣ: ಹಳೇ ಸಕ್ಕರೆ ಕಾಯಿಲೆಯಲ್ಲಿ ಮೂತ್ರಕೋಶದ ನರ ಸೋತು ಮೂತ್ರ ಪೂರ್ತಿ ಹೋಗದಿರಬಹುದು. ಆಗ ಒತ್ತಡ ಮೇಲಕ್ಕೆ, ಕಿಡ್ನಿಯ ಕಡೆಗೇ ತಿರುಗುತ್ತದೆ.

ಎರಡು ಕಡೆ ಮೋಸಹೋಗಬೇಡಿ. ಮೂತ್ರಕೋಶ ತುಂಬಿದ್ದಾಗ ಸ್ಕ್ಯಾನ್ ಮಾಡಿದರೆ ಸುಮ್ನೆ ಸ್ವಲ್ಪ ಊತ ಕಾಣಬಹುದು. ಮೂತ್ರ ಮಾಡಿಸಿ ಮತ್ತೆ ನೋಡುತ್ತಾರೆ. ಒಂದು ಕಿಡ್ನಿ ಚೆನ್ನಾಗಿದ್ದರೆ ಕ್ರಿಯಾಟಿನಿನ್ (ಕಿಡ್ನಿ ಕೆಲಸ ನೋಡುವ ರಕ್ತಪರೀಕ್ಷೆ) ಸರಿಯಾಗಿಯೇ ಬರಬಹುದು. ಊತದ ಜೊತೆ ಚಳಿಜ್ವರ ಬಂದರೆ ಮಾತ್ರ ಬೆಳಗಿನ ರೌಂಡ್ಸ್‌ಗೆ ಕಾಯಬೇಡಿ, ಆಗಲೇ ಡಾಕ್ಟರನ್ನು ಕರೆಯಿರಿ.