ಹೊಸ ಕಾರಿನ ಬಣ್ಣ ಕಾರ್ಖಾನೆಯದೇ?

ಹೊಸ ಕಾರಿನ ಯಾವುದಾದರೂ ಭಾಗಕ್ಕೆ ಮತ್ತೆ ಬಣ್ಣ ಹೊಡೆದಿರಬಹುದೆಂಬ ಅನುಮಾನ ಬಂದಾಗ ಹೆಚ್ಚಿನವರು ಮೊದಲು ಗಮನಿಸುವುದು ಛಾಯೆಯನ್ನು. ಆದರೆ ಕಂಪ್ಯೂಟರ್ ನೆರವಿನಿಂದ ಬಣ್ಣ ಬೆರೆಸುವ ಈ ಕಾಲದಲ್ಲಿ ಛಾಯೆಯನ್ನು ಬಹುಮಟ್ಟಿಗೆ ಹೊಂದಿಸಿಬಿಡಬಹುದು. ಗ್ಯಾರೇಜಿನಲ್ಲಿ ಹೊಂದಿಸಲಾಗದ್ದು ಕಾರ್ಖಾನೆಯ ಶಾಖವನ್ನು.

ಬಣ್ಣದ ವಿಭಾಗಕ್ಕೆ ಬರುವ ಹೊತ್ತಿಗೆ ಕಾರು ಬರಿಯ ಲೋಹದ ಗೂಡಾಗಿರುತ್ತದೆ. ಎಂಜಿನ್, ಸೀಟು, ವೈರಿಂಗ್ ಯಾವುದನ್ನೂ ಆಗ ಜೋಡಿಸಿರುವುದಿಲ್ಲ. ಆ ಗೂಡನ್ನು ತೊಳೆದು, ಫಾಸ್ಫೇಟ್ ಲೇಪಿಸಿ, ಪ್ರೈಮರ್ ತುಂಬಿದ ದೊಡ್ಡ ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ ಹರಿಸಿದಾಗ, ಸ್ಪ್ರೇ ಗನ್ ತಲುಪಲಾರದ ಸಂದುಗಳಲ್ಲೂ ಸುಮಾರು 20 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ದಪ್ಪದ ತುಕ್ಕುನಿರೋಧಕ ಪದರ ಕೂರುತ್ತದೆ. ಅದನ್ನು 160ರಿಂದ 180 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೇಯಿಸಿದ ಮೇಲೆ ಸಾಮಾನ್ಯವಾಗಿ ಇನ್ನೊಂದು ಪ್ರೈಮರ್, ಬಣ್ಣ, ಕೊನೆಗೆ ಪಾರದರ್ಶಕವಾದ ಕ್ಲಿಯರ್ ಕೋಟ್ ಬರುತ್ತವೆ. ಈ ಮೇಲಿನ ಪದರಗಳು ಸುಮಾರು 140 ಡಿಗ್ರಿಯಲ್ಲಿ ಬೇಯುತ್ತವೆ. ಅಷ್ಟು ಶಾಖದಲ್ಲಿ ಅಕ್ರಿಲಿಕ್ ಮತ್ತು ಮೆಲಮಿನ್ ರಾಳಗಳ ಅಣುಗಳು ಪರಸ್ಪರ ಬೆಸೆದುಕೊಂಡು ಗಟ್ಟಿಯಾದ ಜಾಲವಾಗುತ್ತವೆ.

ಜೋಡಣೆ ಮುಗಿದ ಕಾರನ್ನು ಮತ್ತೆ ಆ ಒಲೆಗೆ ತಳ್ಳಿದರೆ ಡ್ಯಾಶ್‌ಬೋರ್ಡು, ವೈರು, ಬೀಡಿಂಗುಗಳು ಉಳಿಯುವುದಿಲ್ಲ. ಆದ್ದರಿಂದ ಸಾಗಣೆಯಲ್ಲೋ ಯಾರ್ಡಿನಲ್ಲೋ ಗೀಚು ಬಿದ್ದ ಬಾಗಿಲಿಗೆ ಬೇರೆಯದೇ ರಸಾಯನ ಬೇಕಾಗುತ್ತದೆ: ಹೊಡೆಯುವ ಮುನ್ನ ಐಸೊಸಯನೇಟ್ ಹಾರ್ಡ್‌ನರ್ ಬೆರೆಸಿ, 60 ಡಿಗ್ರಿಯ ಆಸುಪಾಸಿನಲ್ಲಿ, ಕೆಲವೊಮ್ಮೆ ಬರಿಯ ಗಾಳಿಯಲ್ಲಿ, ಗಟ್ಟಿಯಾಗಲು ಬಿಡುವ ಪಾಲಿಯುರಿಥೇನ್ ಬಣ್ಣ. ಅದು ಕಳಪೆಯೆಂದಲ್ಲ, ಬಣ್ಣ ಹೊಡೆಯಲೆಂದೇ ಇರುವ ಒಳ್ಳೆಯ ಬೂತಿನಲ್ಲಿ ಕೈಪಳಗಿದವರು ಮಾಡಿದ ಕೆಲಸ ವರ್ಷಗಟ್ಟಲೆ ಬಾಳುತ್ತದೆ. ಆದರೆ ಅದು ಎರಡನೆಯ ಬಣ್ಣ, ಬಹುತೇಕ ಮೊದಲನೆಯದರ ಮೇಲೆ ಕೂತ ಬಣ್ಣ. ಪತ್ತೆಯ ಅತ್ಯಂತ ಜನಪ್ರಿಯ ವಿಧಾನ ನಿಂತಿರುವುದು ಈ ಹೆಚ್ಚುವರಿ ದಪ್ಪದ ಮೇಲೆ.

ಆ ದಪ್ಪವನ್ನು ತೋರಿಸುವ, ಅಂಗೈಯಲ್ಲಿ ಹಿಡಿಸುವ ಉಪಕರಣವಾದ ಪೇಂಟ್ ಗೇಜು ವಾಸ್ತವವಾಗಿ ಬಣ್ಣವನ್ನು ಅಳೆಯುವುದೇ ಇಲ್ಲ. ತನ್ನ ತುದಿಗೂ ಒಳಗಿನ ಲೋಹಕ್ಕೂ ಇರುವ ಅಂತರವನ್ನು ಅದು ಅಳೆಯುತ್ತದೆ. ಉಕ್ಕಿನ ಮೇಲಿಟ್ಟಾಗ ತುದಿಯ ಸುರುಳಿ ಹುಟ್ಟಿಸುವ ಕಾಂತಕ್ಷೇತ್ರವನ್ನು ಉಕ್ಕು ತನ್ನತ್ತ ಸೆಳೆಯುತ್ತದೆ. ನಡುವಿನ ಪದರ ದಪ್ಪವಾದಷ್ಟೂ ಆ ಸೆಳೆತ ಕಡಿಮೆ. ಅಲ್ಯೂಮಿನಿಯಮ್ ಬಾನೆಟ್ಟಿಗೆ ಈ ಉಪಾಯ ನಡೆಯದು. ಅಲ್ಲಿ ಹೆಚ್ಚಿನ ಕಂಪನಾಂಕದ ಕ್ಷೇತ್ರವು ಲೋಹದ ಮೇಲ್ಮೈಯಲ್ಲಿ ಸುಳಿ ವಿದ್ಯುತ್ತನ್ನು ಎಬ್ಬಿಸುತ್ತದೆ, ಆ ಸುಳಿಯ ಪ್ರತಿರೋಧದಿಂದ ದೂರದ ಲೆಕ್ಕ ಸಿಗುತ್ತದೆ. ಬಂಪರ್ ಪ್ಲಾಸ್ಟಿಕ್ಕಿನದಾದ್ದರಿಂದ ಈ ಎರಡೂ ವಿಧಾನಗಳಿಗೆ ಅದು ಕಾಣಿಸುವುದೇ ಇಲ್ಲ. ಹೊಸ ಕಾರುಗಳಲ್ಲಿ ಸುಲಭವಾಗಿ ಗೀಚು ಬೀಳುವುದು ಬಂಪರಿಗೇ ಎಂಬುದನ್ನು ನೆನೆದರೆ ಇದೊಂದು ಸಣ್ಣ ವ್ಯಂಗ್ಯ.

ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 90ರಿಂದ 150 ಮೈಕ್ರಾನ್ ಇರುತ್ತದೆ. ಹಳೆಯ ಪದರದ ಮೇಲೆ ಇನ್ನೊಂದು ಸುತ್ತು ಬಣ್ಣ ಬಿದ್ದಿದ್ದರೆ ಅಂಕಿ 200ನ್ನು ದಾಟುವುದು ಸಾಮಾನ್ಯ, ತಗ್ಗಿಗೆ ಪುಟ್ಟಿ ಮೆತ್ತಿದ್ದರೆ ಸಾವಿರವನ್ನೂ ಮೀರಬಹುದು. ಹಾಗೆಂದು ಒಂದೇ ಅಂಕಿಯನ್ನು ಹಿಡಿದು ಡೀಲರನೊಂದಿಗೆ ಜಗಳಕ್ಕೆ ನಿಲ್ಲುವುದು ನನಗೆ ಸರಿಕಾಣದು. ಗೂಡು ಇನ್ನೂ ಬಣ್ಣದ ವಿಭಾಗದಲ್ಲಿರುವಾಗಲೇ ದೋಷ ಕಂಡುಬಂದರೆ ಕಾರ್ಖಾನೆಯವರೇ ಅದನ್ನು ಉಜ್ಜಿ, ಮತ್ತೆ ಬಣ್ಣ ಹೊಡೆದು, ಅದೇ ಒಲೆಯಲ್ಲಿ ಬೇಯಿಸುವುದುಂಟು; ಆಗ ಅಂಕಿ ಏರಿರುತ್ತದೆ, ಬಣ್ಣ ಮಾತ್ರ ಅಸಲಿಯೇ. ತದ್ವಿರುದ್ಧವಾಗಿ, ಹಳೆಯ ಪದರವನ್ನು ತಾಳ್ಮೆಯಿಂದ ಉಜ್ಜಿ ತೆಗೆದು ಹೊಸದನ್ನು ತೆಳುವಾಗಿ ಕೂರಿಸಿದ ಜಾಣ ಪೇಂಟರನ ಕೆಲಸ 140 ಎಂದು ತೋರಿಸಿ ಗೇಜನ್ನು ಮರುಳು ಮಾಡಬಲ್ಲದು. ಅಂಚು ಮತ್ತು ತಿರುವುಗಳಲ್ಲಿ ಅಳತೆಯೇ ತಪ್ಪುತ್ತದೆ. ಸತುವಿನ ಲೇಪವಿರುವ ಉಕ್ಕಿನ ಮೇಲೆ ಆ ಸತುವೂ ಬಣ್ಣದ ಲೆಕ್ಕಕ್ಕೆ ಸೇರಿಹೋಗುತ್ತದೆ. ಹೀಗಾಗಿ ಅಂಕಿಗಿಂತ ಹೋಲಿಕೆ ಮುಖ್ಯ: ಎಡಬಾಗಿಲು 115, ಅದೇ ಜಾಗದಲ್ಲಿ ಬಲಬಾಗಿಲು 230 ಎಂದಾದರೆ ವಿವರಣೆ ಕೇಳುವ ಹಕ್ಕು ಕೊಳ್ಳುವವರಿಗೆ ಬರುತ್ತದೆ.

ಗೇಜು ಸುಮ್ಮನಾದಲ್ಲಿ ಕಣ್ಣು ಮಾತಾಡಬಹುದು. ಕಾರ್ಖಾನೆಯಲ್ಲಿ ನಿಮಿಷಕ್ಕೆ ಹತ್ತಾರು ಸಾವಿರ ಸುತ್ತು ತಿರುಗುವ ಬಟ್ಟಲುಗಳು, ವಿದ್ಯುದಾವೇಶ ಹೊತ್ತ ಹನಿಗಳನ್ನು ಏಕರೀತಿಯಾಗಿ ಸಿಂಪಡಿಸುತ್ತವೆ. ಗ್ಯಾರೇಜಿನಲ್ಲಿ ಅದೇ ಕೆಲಸವನ್ನು ಮನುಷ್ಯನ ಮಣಿಕಟ್ಟು ಮಾಡುತ್ತದೆ. ಕ್ಲಿಯರ್ ಕೋಟಿನ ಮೇಲಿನ ಕಿತ್ತಳೆ ಸಿಪ್ಪೆಯಂಥ ಸಣ್ಣ ಅಲೆಗಳು ಒಂದು ಭಾಗದಲ್ಲಿ ಬೇರೆ ಗಾತ್ರದಲ್ಲಿದ್ದರೆ, ಟ್ಯೂಬ್‌ಲೈಟಿನ ಪ್ರತಿಬಿಂಬದ ಅಂಚು ಅಲ್ಲಿ ಬೇರೆ ರೀತಿ ನಡುಗುತ್ತದೆ. ಮೆಟಾಲಿಕ್ ಬಣ್ಣಗಳಲ್ಲಿ ಇನ್ನೊಂದು ಸುಳಿವಿದೆ. ಅವುಗಳ ಮಿನುಗು ಬರುವುದು ಚಪ್ಪಟೆಯಾದ ಅಲ್ಯೂಮಿನಿಯಮ್ ಚೂರುಗಳಿಂದ. ಬಣ್ಣ ಎಷ್ಟು ಒದ್ದೆಯಾಗಿ ಬಿತ್ತು, ಎಷ್ಟು ಬೇಗ ಆರಿತು ಎಂಬುದರ ಮೇಲೆ ಆ ಚೂರುಗಳು ಮಲಗುವ ಕೋನ ನಿರ್ಧಾರವಾಗುತ್ತದೆ. ಹಾಗಾಗಿ ಎದುರಿನಿಂದ ಒಂದೇ ಆಗಿ ಕಾಣುವ ಎರಡು ಬಾಗಿಲುಗಳಲ್ಲಿ ಒಂದು, ಓರೆಯಾಗಿ ನೋಡಿದಾಗ ಕಪ್ಪಿಟ್ಟಂತೆ ಕಾಣಬಹುದು. ಬಂಪರಿನ ಛಾಯೆ ತುಸು ಬೇರೆಯಿದ್ದರೆ ಮಾತ್ರ ಗಾಬರಿ ಬೇಡ. ಪ್ಲಾಸ್ಟಿಕ್ ಭಾಗಗಳನ್ನು ಪ್ರತ್ಯೇಕವಾಗಿ, ಕಡಿಮೆ ಶಾಖದಲ್ಲಿ ಬಣ್ಣ ಮಾಡುವುದೇ ರೂಢಿ. ರಬ್ಬರ್ ಬೀಡಿಂಗಿನ ಮೇಲೆ ಬಿದ್ದ ಬಣ್ಣದ ದೂಳು, ಬಾಗಿಲ ಸಂದಿನಲ್ಲಿ ಮಾಸ್ಕಿಂಗ್ ಟೇಪು ಬಿಟ್ಟ ಗೆರೆ, ಸ್ಪ್ಯಾನರ್ ತಾಗಿ ಬಣ್ಣ ಎದ್ದ ಬೋಲ್ಟು, ಇವು ಹೆಚ್ಚು ನಂಬಬಹುದಾದ ಸಾಕ್ಷಿಗಳು.

ಇಷ್ಟೆಲ್ಲ ಇದ್ದೂ ಮಾಲೀಕರಿಗೆ ಏನೂ ಕಾಣದೆ ಹೋಗಬಹುದು ಎಂಬುದಕ್ಕೆ ಅಮೆರಿಕದ ಪ್ರಸಿದ್ಧ ಮೊಕದ್ದಮೆಯೊಂದಿದೆ. ಅಲಬಾಮದ ವೈದ್ಯರೊಬ್ಬರು 1990ರ ಜನವರಿಯಲ್ಲಿ ಸುಮಾರು 40,750 ಡಾಲರಿಗೆ ಕಪ್ಪು ಬಿಎಂಡಬ್ಲ್ಯು ಕಾರನ್ನು ಕೊಂಡು ಒಂಬತ್ತು ತಿಂಗಳು ಓಡಿಸಿದರು. ಹೊಳಪು ಹೆಚ್ಚಿಸಲೆಂದು ಕೊಟ್ಟಾಗ, ಕಾರಿಗೆ ಮತ್ತೆ ಬಣ್ಣ ಹೊಡೆದಿದೆಯೆಂದು ಕಂಡುಹಿಡಿದವನು ಆ ಅಂಗಡಿಯವನು. ಜರ್ಮನಿಯಿಂದ ಬರುವ ದಾರಿಯಲ್ಲಿ ಆಮ್ಲ ಮಳೆಯಿಂದ ಮೇಲ್ಮೈ ಕೆಟ್ಟಿತ್ತೆಂಬುದು ಕಂಪನಿಯ ನಂಬಿಕೆ. ದುರಸ್ತಿಯ ಖರ್ಚು ಕಾರಿನ ಬೆಲೆಯ ಶೇ. 3ನ್ನು ಮೀರದಿದ್ದರೆ ಡೀಲರಿಗೂ ತಿಳಿಸದೆ ಹೊಸದೆಂದು ಮಾರುವುದು ಆಗ ಅದರ ನೀತಿಯಾಗಿತ್ತು. ಈ ಕಾರಿಗೆ ತಗುಲಿದ್ದು 601 ಡಾಲರ್. ಜ್ಯೂರಿ 4,000 ಡಾಲರ್ ಪರಿಹಾರದ ಜೊತೆಗೆ ದಂಡರೂಪದಲ್ಲಿ 40 ಲಕ್ಷ ಡಾಲರ್ ಕೊಡಿಸಿತು. ಅಲಬಾಮದ ಸುಪ್ರೀಂ ಕೋರ್ಟ್ ದಂಡವನ್ನು ಅರ್ಧಕ್ಕಿಳಿಸಿದ ಮೇಲೂ ಅದು ವಿಪರೀತವೆಂದು ಅಮೆರಿಕದ ಸುಪ್ರೀಂ ಕೋರ್ಟ್ 1996ರಲ್ಲಿ 5-4ರ ಬಹುಮತದಿಂದ ತೀರ್ಪಿತ್ತಿತು. ದಂಡದ ಗಾತ್ರವೇನೇ ಇರಲಿ, ಆ 4,000 ಡಾಲರಿನ ಲೆಕ್ಕ ಗಮನಾರ್ಹ: ಮರುಬಣ್ಣ ಕಂಡ ಕಾರಿನ ಬೆಲೆ ಸುಮಾರು ಶೇ. 10ರಷ್ಟು ಇಳಿಯುತ್ತದೆಂಬ ಸಾಕ್ಷ್ಯದ ಮೇಲೆ ಅದು ನಿಂತಿತ್ತು.

ನಮ್ಮಲ್ಲಿ ಈ ಪರೀಕ್ಷೆಗೆ ತಕ್ಕ ಸಮಯ ನೋಂದಣಿಗೆ ಮುಂಚೆ, ಕಾರು ಇನ್ನೂ ಡೀಲರನ ಯಾರ್ಡಿನಲ್ಲಿರುವಾಗ. ಕಾರನ್ನು ತೊಳೆಸಿ, ನೆರಳಿನಿಂದ ಹಗಲ ಬೆಳಕಿಗೆ ತಂದು, ಪ್ರತಿ ಭಾಗದಲ್ಲೂ ನಾಲ್ಕೈದು ಕಡೆ ಗೇಜನ್ನು ಇಟ್ಟು ಅಂಕಿಗಳನ್ನು ಬರೆದುಕೊಂಡು, ವ್ಯತ್ಯಾಸ ಕಂಡ ಭಾಗಕ್ಕೆ ಯಾವ ದುರಸ್ತಿ ಆಗಿದೆಯೆಂದು ಡೀಲರನಿಂದ ಲಿಖಿತ ಉತ್ತರ ಪಡೆಯಬೇಕು. ಗೇಜನ್ನು ಅದರ ಜೊತೆಗೇ ಬರುವ ಲೋಹದ ಬಿಲ್ಲೆಯ ಮೇಲಿಟ್ಟು, ಅದು ಸೊನ್ನೆ ತೋರಿಸುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು.