ಐದು ಬಾಗಿಲ ರೈಲು: ಕೇಹಾನ್ 5000

ಒಸಾಕಾ–ಕ್ಯೋಟೊ ನಡುವೆ ಓಡುವ ಕೇಹಾನ್ ರೈಲ್ವೆ 1970ರಲ್ಲಿ ಹಳಿಗಿಳಿಸಿದ 5000 ಸರಣಿಯ ಬೋಗಿಗೆ ಒಂದೊಂದು ಮಗ್ಗುಲಿಗೆ ಐದೈದು ಬಾಗಿಲು. ಜಪಾನಿನಲ್ಲಿ ಅಂಥದು ಅದೇ ಮೊದಲು. ಇಷ್ಟು ಬಾಗಿಲು ಯಾಕೆ ಬೇಕಾಯಿತು ಅಂತ ತಿಳಿಯಬೇಕಾದರೆ ತಲೆ ಎತ್ತಿ ಹಳಿಯ ಮೇಲಿನ ವಿದ್ಯುತ್ ತಂತಿ ನೋಡಬೇಕು.

ಆಗ ಕೇಹಾನ್ ತಂತಿಯಲ್ಲಿ ಹರಿಯುತ್ತಿದ್ದುದು 600 ವೋಲ್ಟ್ ಡಿ.ಸಿ. ಕ್ಯೋಟೊದಲ್ಲಿ ಇದರ ಹಳಿ ನಗರದ ಟ್ರಾಮ್ ಹಳಿಯನ್ನು ನೆಲಮಟ್ಟದಲ್ಲೇ ದಾಟುತ್ತಿತ್ತು. ಅಲ್ಲಿ ಎರಡರ ತಂತಿಯೂ ಅಡ್ಡಹಾಯುತ್ತಿದ್ದರಿಂದ ವೋಲ್ಟೇಜ್ ಏರಿಸುವುದು ಸುಲಭವಿರಲಿಲ್ಲ. ಅಷ್ಟೇ ಶಕ್ತಿ ಒದಗಿಸಲು 1500 ವೋಲ್ಟಿಗಿಂತ 600ರಲ್ಲಿ ಎರಡೂವರೆ ಪಟ್ಟು ಕರೆಂಟ್ ಬೇಕು. ತಂತಿ ಬಿಸಿಯಾಗಿ ಪೋಲಾಗುವುದು ಕರೆಂಟಿನ ವರ್ಗದಂತೆ, ಅಂದರೆ ಆರೂಕಾಲು ಪಟ್ಟು. ಹಾಗಾಗಿ ಏಳು ಬೋಗಿಯಾಚೆ ರೈಲು ಉದ್ದ ಮಾಡುವಂತಿರಲಿಲ್ಲ. ಬೆಳಗಿನ ನೂಕುನುಗ್ಗಲಿನಲ್ಲಿ ಉಳಿದ ದಾರಿ ಒಂದೇ: ಜನ ಹತ್ತಿಳಿಯುವ ಹೊತ್ತನ್ನು ಕಡಿಮೆ ಮಾಡುವುದು.

ಬಾಗಿಲು ಹೆಚ್ಚಿಸಿದರೆ ಸೀಟು ಹೋಗುತ್ತದೆ. ಮಧ್ಯಾಹ್ನದ ಪ್ರಯಾಣಿಕ ನಿಂತು ಯಾಕೆ ಹೋಗಬೇಕು? ಇದಕ್ಕೆ ಕಂಡುಕೊಂಡ ಉಪಾಯವೇ ಈ ರೈಲಿನ ನಿಜವಾದ ಜಾಣ್ಮೆ. ಎರಡನೇ ಮತ್ತು ನಾಲ್ಕನೇ ಬಾಗಿಲು ಬರೀ ದಟ್ಟಣೆ ಹೊತ್ತಿನವಾಗಿದ್ದವು. ಆಗ ಅವುಗಳ ಸೀಟು ಬಾಗಿಲ ಮೇಲ್ಗಡೆ, ಚಾವಣಿಗೆ ಅಂಟಿಕೊಂಡಂತೆ ಕೂತಿರುತ್ತಿತ್ತು. ದಟ್ಟಣೆ ಕಳೆದ ಮೇಲೆ, ಜನರಿಲ್ಲದಾಗ, ಸೀಟು ಒರಗು ಸಮೇತ ಕೆಳಗಿಳಿದು ಮುಚ್ಚಿದ ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲುತ್ತಿತ್ತು. ಅಲ್ಲಿಂದ ಮುಂದೆ ಆ ಬಾಗಿಲು ತೆರೆಯುತ್ತಿರಲಿಲ್ಲ. ಪ್ಲಾಟ್‌ಫಾರ್ಮಿನಲ್ಲಿ ಕಾದವರು ತಪ್ಪು ಬಾಗಿಲ ಮುಂದೆ ಸಾಲು ನಿಲ್ಲಬಾರದಲ್ಲ, ಅದಕ್ಕೇ ಆ ಬಾಗಿಲಿಗೆ 'ರಶ್ ಬಾಗಿಲು' ಎಂಬ ಬರಹವಿತ್ತು.

ಇದಕ್ಕೆ ತೆತ್ತ ಬೆಲೆ ಸಣ್ಣದಲ್ಲ. 18.7 ಮೀಟರ್ ಬೋಗಿಯ ಗೋಡೆಯಲ್ಲಿ ಹತ್ತು ರಂಧ್ರ ಕೊರೆದರೆ ಬಲ ಕುಗ್ಗುತ್ತದೆ. ಮೇಲೆ ತೂಗುವ ಸೀಟು, ಅದನ್ನು ಏರಿಳಿಸುವ ಯಂತ್ರ, ಹೆಚ್ಚುವರಿ ಬಾಗಿಲ ಯಂತ್ರ ಎಲ್ಲ ಸೇರಿ ತೂಕ ಏರುತ್ತದೆ. ಅದಕ್ಕೇ ಕೇಹಾನ್ ಇಲ್ಲಿ ಮೊದಲ ಬಾರಿಗೆ ಅಲ್ಯೂಮಿನಿಯಂ ಒಡಲಿಗೆ ಹೋಯಿತು. ನಿರ್ವಹಣೆಯವರ ಪಾಲಿಗಂತೂ ಬಾಗಿಲು ಹೆಚ್ಚಿದಷ್ಟೂ ಪರೀಕ್ಷೆ ಹೆಚ್ಚು.

1983ರ ಡಿಸೆಂಬರಿನಲ್ಲಿ ತಂತಿ 1500 ವೋಲ್ಟಿಗೇರಿತು, ಎಂಟು ಬೋಗಿಯ ರೈಲೂ ಓಡಿತು. ಹುಟ್ಟಿದ ಕಾರಣವೇ ಹೋದರೂ ಐದು ಬಾಗಿಲು ಉಳಿಯಿತು, ದಟ್ಟಣೆ ಇತ್ತಲ್ಲ! ಕೊನೆಗೆ ಅದನ್ನು ಹೊರಗಟ್ಟಿದ್ದು ಇನ್ನೊಂದು ಬಾಗಿಲು. ಒಸಾಕಾದ ಕ್ಯೋಬಾಶಿ ನಿಲ್ದಾಣದ ಪ್ಲಾಟ್‌ಫಾರ್ಮ್ ಅಂಚಿಗೆ ತಡೆಬಾಗಿಲು ಹಾಕಬೇಕಾದರೆ ಎಲ್ಲ ರೈಲುಗಳ ಬಾಗಿಲು ಒಂದೇ ಕಡೆ ಬರಬೇಕು. ಮೂರು ಬಾಗಿಲ ಬೋಗಿಗಳ ನಡುವೆ ಐದರದು ಹೊಂದುವುದಿಲ್ಲ. 2021ರ ಜನವರಿಯಲ್ಲಿ ಐದೂ ಬಾಗಿಲು ತೆರೆಯುವುದು ನಿಂತಿತು. ಆಮೇಲೆ ಮೂರೇ ಬಾಗಿಲು ಬಳಸಿ ಓಡಿದ ರೈಲು ಆ ಸೆಪ್ಟೆಂಬರಿನಲ್ಲಿ ನಿವೃತ್ತವಾಯಿತು.